ಪುಟ್ಟಿಯ ಬೇಸಗೆ

ಬೇಸಗೆಯ ರಜೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಅನೇಕರಿಗೆ ಅಜ್ಜಿಯ ಮನೆ ನೆನಪಾಗುತ್ತದೆ. ಬಾವಿಕಟ್ಟೆ, ಅಟ್ಟದ ಮೇಲೆ ಹುಲ್ಲಿನಲ್ಲಿ ಹುದುಗಿಸಿಟ್ಟ ಮಾವು, ಮಹಡಿಯ ಮೇಲೆ ಹಪ್ಪಳಕ್ಕೆ ಕಾವಲು, ಮಧ್ಯಾಹ್ನ ದೊಡ್ಡವರು ಮಲಗಿದ ಮೇಲೆ ನಡೆಯುತ್ತಿದ್ದ ನಮ್ಮ ರಾಜ್ಯಭಾರ, ಎಲ್ಲವೂ ಒಂದರ ಹಿಂದೆ ಒಂದು ಬರುತ್ತವೆ. ಆಗ ನಮಗೆ ಏಳೋ ಎಂಟೋ ವರ್ಷವಾಗಿದ್ದುದರಿಂದ ಇವೆಲ್ಲ ನೆನಪಿನಲ್ಲಿ ನಿಂತಿವೆ. ಆದರೆ ಇಪ್ಪತ್ತು ತಿಂಗಳ ಕೂಸಿಗೆ ಬೇಸಗೆಯ ರಜೆ ಎಂದರೇನು? ಅದಕ್ಕೆ ಶಾಲೆಯೇ ಇಲ್ಲ. ಆದ್ದರಿಂದ ರಜೆಯೂ ಇಲ್ಲ. ಪರೀಕ್ಷೆಯ ಭಯವಿಲ್ಲ, ಆದ್ದರಿಂದ ಮುಗಿಯಿತೆಂಬ ಸಂತೋಷವೂ ಇಲ್ಲ. ಹಾಗಿದ್ದರೂ ಅಂಥ ಒಂದು ಕೂಸಿನ ಬೇಸಗೆಯ ಕಥೆಯನ್ನೇ ಇಂದು ತಮ್ಮ ಮುಂದೆ ಹೇಳಬೇಕೆಂದಿದ್ದೇನೆ. ಏಕೆಂಬುದು ಕೊನೆಯಲ್ಲಿ ತಮಗೇ ತಿಳಿದೀತು.

ನಮ್ಮ ಮನೆ ಜಯನಗರದ ನಾಲ್ಕನೆಯ ಟಿ ಬ್ಲಾಕಿನಲ್ಲಿದೆ. ಕಚೇರಿಯ ಕೆಲಸದಿಂದ ನಿವೃತ್ತನಾದ ಮೇಲೆ ನನಗೂ ನಮ್ಮಾಕೆಗೂ ಇರುವುದು ಬೆಳಗಿನ ತಿರುಗಾಟ, ಸಂಜೆಯ ರೇಡಿಯೋ, ನಡುವೆ ಒಂದಿಷ್ಟು ವಾದ. ೨೦೨೪ನೆಯ ಇಸವಿ ಏಪ್ರಿಲ್ ೭, ಭಾನುವಾರ, ಯುಗಾದಿಗೆ ಎರಡು ದಿನ ಮುಂಚೆ, ನಮ್ಮ ಮಗಳು ಪುಣೆಯಿಂದ ತನ್ನ ಮಗುವನ್ನು ಕರೆದುಕೊಂಡು ಎರಡು ತಿಂಗಳ ಮಟ್ಟಿಗೆ ಬಂದಳು. ಅಳಿಯಂದಿರಿಗೆ ರಜೆ ಇರಲಿಲ್ಲ. ಮಗಳಿಗೂ ರಜೆ ಎನ್ನುವಂತಿರಲಿಲ್ಲ. ಲ್ಯಾಪ್‌ಟಾಪು ಎಂಬ ಕಚೇರಿಯನ್ನು ಬಗಲಿನಲ್ಲಿಯೇ ತಂದಿದ್ದಳು. ಆದ್ದರಿಂದ ಬೆಳಗಿನಿಂದ ಸಂಜೆಯ ತನಕ ಪುಟ್ಟಿಯ ಪಾಲನೆ ನಮ್ಮಿಬ್ಬರ ಪಾಲಿಗೆ ಬಂದಿತು.

ಕಚೇರಿಯಲ್ಲಿ ಮೂವತ್ತು ವರ್ಷ ಕಡತ ನೋಡಿದವನಿಗೆ ಪಟ್ಟಿ ಮಾಡದೆ ಏನನ್ನೂ ಮಾಡಲು ಬಾರದು. ನಾನು ಒಂದು ನೋಟುಪುಸ್ತಕ ತೆಗೆದು ಎರಡು ಪಟ್ಟಿಗಳನ್ನು ಬರೆದೆ. ಮೊದಲನೆಯದು ಕಾರ್ಯಕ್ರಮ ಪಟ್ಟಿ: ಲಾಲ್‌ಬಾಗು, ಬನ್ನೇರುಘಟ್ಟ, ಬನಶಂಕರಿಯಲ್ಲಿ ನಮ್ಮಾಕೆಯ ಅಣ್ಣನ ಮನೆ, ಬಿ.ಟಿ.ಎಂ. ಬಡಾವಣೆಯಲ್ಲಿ ನನ್ನ ತಂಗಿಯ ಮನೆ, ರಾಗಿಗುಡ್ಡ, ಮೈಸೂರು, ಮೈಸೂರಿನಲ್ಲಿ ಮೃಗಾಲಯ, ಇತ್ಯಾದಿ; ಎಲ್ಲಕ್ಕೂ ತಾರೀಖು, ಹೊತ್ತು. ತಾವು ಕೈಯಲ್ಲಿ ಹಿಡಿದಿರುವ ಈ ಪತ್ರಿಕೆಯಲ್ಲಿ ಅಚ್ಚಾಗುವ ಪಟ್ಟಿಯಷ್ಟೇ ಅಚ್ಚುಕಟ್ಟಾಗಿತ್ತು. ಎರಡನೆಯದು ಪುಟ್ಟಿಗೆ ಬರುವ ಮಾತುಗಳ ಪಟ್ಟಿ. ಅವಳು ಬಂದ ದಿನ ಎಣಿಸಿದಾಗ ಮೂವತ್ತೊಂದು ಮಾತುಗಳಿದ್ದವು. ಅದರಲ್ಲಿ ಬಾಲು, ಕಾರು, ಬೈ, ನೋ ಇಂಥವೇ ಹೆಚ್ಚು. ಅಮ್ಮ, ಅಪ್ಪ, ಬೌಬೌ, ಮಮ್ಮು ಸೇರಿಸಿ ನಮ್ಮ ಕಡೆಯವು ಒಂಬತ್ತು. ತಾತ, ಅಜ್ಜಿ ಎರಡೂ ಇರಲಿಲ್ಲ. ಫೋನಿನ ಗಾಜಿನಲ್ಲಿ ದಿನವೂ ನಮ್ಮ ಮುಖ ಕಂಡಿದ್ದರೂ, ಬಾಗಿಲಿನಲ್ಲಿ ಮೈಯುದ್ದ ನಿಂತ ನಮ್ಮನ್ನು ನೋಡಿ ತಾಯಿಯ ಕೊರಳಿನಲ್ಲಿ ಮುಖ ಹುದುಗಿಸಿಕೊಂಡಳು. ನಮ್ಮಾಕೆ ನಗುತ್ತಲೇ ಒಳಕ್ಕೆ ಹೋದಳು. ಅಡಿಗೆಮನೆಯಲ್ಲಿ ಕಣ್ಣೊರೆಸಿಕೊಂಡುದನ್ನು ನಾನು ನೋಡಿದೆನೆಂದು ಅವಳಿಗೆ ಇಂದಿಗೂ ತಿಳಿಯದು. ಈ ಭಾಷಣ ಕೇಳಿದರೆ ತಿಳಿಯುತ್ತದೆ.

ಯುಗಾದಿಯ ದಿನ ಬೇವುಬೆಲ್ಲ ಕೊಟ್ಟೆವು. ಪುಟ್ಟಿ ನಾಲಗೆಯಿಂದಲೇ ಬೇರ್ಪಡಿಸಿ ಬೇವನ್ನು ನನ್ನ ಅಂಗೈಗೆ ಉಗಿದು, ಬೆಲ್ಲವನ್ನು ಇಟ್ಟುಕೊಂಡಳು. ಆಮೇಲೆ ಆರಂಭವಾಯಿತು ನೆಂಟರ ಮನೆಗಳ ದಂಡಯಾತ್ರೆ. ಹಳೆಯ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಹೆಸರು ಮೂರು ಅಕ್ಷರಕ್ಕಿಳಿದು ಬಿ.ಟಿ.ಎಂ. ಆಗಿದೆಯಷ್ಟೆ, ಅಲ್ಲಿಗೆ ನಮ್ಮ ಮನೆಯಿಂದ ದೂರವೆಷ್ಟು ಎಂದರೆ ಕಿಲೋಮೀಟರಿನ ಲೆಕ್ಕ ಹೇಳಿ ಪ್ರಯೋಜನವಿಲ್ಲ, ದಟ್ಟಣೆಯ ಹೊತ್ತಿನಲ್ಲಿ ಮುಕ್ಕಾಲು ಗಂಟೆ. ಮನೆಗೆ ಕಾಲಿಟ್ಟೊಡನೆ ಮಗುವನ್ನು ಕೈಯಿಂದ ಕೈಗೆ ದಾಟಿಸುವ ಶಾಸ್ತ್ರ. “ಬಾರೇ ನನ್ನ ಹತ್ರ”, “ನಾನ್ಯಾರು ಹೇಳು ನೋಡೋಣ”, “ಅಯ್ಯೋ, ಇಷ್ಟು ಸಣ್ಣಗಿದೆಯಲ್ಲೇ ಮಗು!” ಇದು ಪ್ರೀತಿಯೇ, ಸಂದೇಹವಿಲ್ಲ. ಆದರೆ ಗುರುತಿಲ್ಲದ ಹತ್ತು ಜನ ನಮ್ಮನ್ನು ಹೀಗೆ ಎತ್ತಿ ಕೆನ್ನೆ ಹಿಂಡಿದರೆ ನಾವೇನು ಮಾಡುತ್ತೇವೆ? ಪುಟ್ಟಿ ಅತ್ತಳು. ಅತ್ತ ಮಗುವಿಗೆ ಒಬ್ಬರು ಚಾಕೊಲೇಟು ಕೊಟ್ಟರು, ಇನ್ನೊಬ್ಬರು ಫೋನು ಕೊಟ್ಟರು. ನನ್ನ ತಂಗಿಯ ಮನೆಯಲ್ಲಿ ಮಾತ್ರ ಅವಳು ಯಾರನ್ನೂ ಲೆಕ್ಕಿಸದೆ ಕಿಟಕಿಗೆ ಅಂಟಿಕೊಂಡಳು. ಕೆಳಗೆ ನೀರಿನ ಟ್ಯಾಂಕರು ಬಂದು ನಿಂತಿತ್ತು. ಕೊಳವೆ, ಗಡಗಡ ಶಬ್ದ, ಬೀದಿಗೆ ಸೋರುವ ನೀರು, ಸೋರಿದ್ದಕ್ಕೆ ಬಿಂದಿಗೆ ಹಿಡಿದವರು, ಇದಕ್ಕಿಂತ ಚೆಂದದ ನಾಟಕ ಅವಳಿಗೆ ಬೇಕಿರಲಿಲ್ಲ.

ಆ ವರ್ಷದ ನೀರಿನ ಬವಣೆ ತಮಗೆ ನೆನಪಿರಬೇಕು. ಹಿಂದಿನ ವರ್ಷ ಮಳೆ ಕೈಕೊಟ್ಟು, ಸರ್ಕಾರದ ಲೆಕ್ಕದಂತೆಯೇ ಊರಿನ ಸುಮಾರು ಹದಿನಾಲ್ಕು ಸಾವಿರ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದ್ದವು. ಕುಡಿಯುವ ನೀರಿನಿಂದ ಕಾರು ತೊಳೆದರೆ, ತೋಟಕ್ಕೆ ಹಾಯಿಸಿದರೆ ೫,೦೦೦ ರೂಪಾಯಿ ದಂಡವೆಂದು ಮಾರ್ಚಿಯಲ್ಲಿಯೇ ಆಜ್ಞೆಯಾಗಿತ್ತು. ದೊಡ್ಡವರೆಲ್ಲ ಆ ಮಾತನ್ನೇ ಆಡುತ್ತಿದ್ದರು. ಕೇಳಿ ಕೇಳಿ ಪುಟ್ಟಿ ಅಂದು ಸಂಜೆ ಆಟೋದಲ್ಲಿ “ನೀಯು” ಎಂದಳು. ನೀರು ಎಂದು ಅರ್ಥ. ಮೂವತ್ತೆರಡನೆಯ ಮಾತೆಂದು ತಾರೀಖು ಹಾಕಿ ಬರೆದುಕೊಂಡೆ.

ಮುಂದಿನದು ಲಾಲ್‌ಬಾಗು. ಜಯನಗರದಿಂದ ಮೆಟ್ರೋದಲ್ಲಿ ಅದು ಎರಡನೆಯ ನಿಲ್ದಾಣ. ೨೦೧೭ರಲ್ಲಿ ಈ ದಾರಿ ತೆರೆದ ಮೇಲೆ ನಮ್ಮಂಥ ಮುದುಕರಿಗೆ ಬಹಳ ಅನುಕೂಲವಾಗಿದೆ. ಹೈದರಾಲಿ ೧೭೬೦ರಲ್ಲಿ ಆರಂಭಿಸಿದ ತೋಟ, ೧೮೮೯ರಲ್ಲಿ ಅಸ್ತಿಭಾರ ಹಾಕಿದ ಗಾಜಿನ ಮನೆ, ಕೆಂಪೇಗೌಡರ ಗೋಪುರ, ಅದರ ಕೆಳಗೆ ಸುಮಾರು ಮುನ್ನೂರು ಕೋಟಿ ವರ್ಷಗಳ ಬಂಡೆ, ಎಲ್ಲವನ್ನೂ ಮೊಮ್ಮಗಳಿಗೆ ತೋರಿಸಬೇಕೆಂದು ಬೆಳಗಿನ ಆರೂವರೆಗೇ ಹೊರಟೆ. ಬಂಡೆಯ ಮೇಲೆ ಇಳಿಸಿದೆ. ಪುಟ್ಟಿ ಕುಕ್ಕರಗಾಲಿನಲ್ಲಿ ಕುಳಿತಳು. ಬಂಡೆಯ ಬಿರುಕಿನಲ್ಲಿ ಇರುವೆಯ ಸಾಲೊಂದು ಹೋಗುತ್ತಿತ್ತು. ನಲವತ್ತು ನಿಮಿಷ ಅವಳು ಅಲ್ಲಿಂದ ಏಳಲಿಲ್ಲ. ಗೋಪುರವನ್ನು ನೋಡಲಿಲ್ಲ, ಊರನ್ನು ನೋಡಲಿಲ್ಲ. ನಾನು ಕೈಗಡಿಯಾರ ನೋಡಿಕೊಳ್ಳುತ್ತ “ಏಳಮ್ಮ, ಗಾಜಿನ ಮನೆ ನೋಡೋಣ” ಎಂದು ಎಬ್ಬಿಸಿದರೆ ರಂಪ. ಕೊನೆಗೆ ನಾನೂ ಪಕ್ಕದಲ್ಲಿ ಕುಳಿತೆ. ಐವತ್ತು ವರ್ಷದಿಂದ ಆ ಬಂಡೆಯನ್ನು ಹತ್ತುತ್ತಿರುವ ನಾನು ಅದರ ಮೇಲೆ ಇರುವೆಗಳಿವೆಯೆಂದು ಕಂಡುಕೊಂಡುದು ಅಂದೇ. ಮನೆಗೆ ಬಂದು ನೋಟುಪುಸ್ತಕದಲ್ಲಿ ಲಾಲ್‌ಬಾಗಿನ ಮುಂದೆ ‘ಆಯಿತು’ ಎಂದು ಬರೆದೆನಾದರೂ ಮನಸ್ಸಿನಲ್ಲಿ ಸಮಾಧಾನವಿರಲಿಲ್ಲ. ಏನೂ ತೋರಿಸಿದಂತಾಗಲಿಲ್ಲವಲ್ಲ ಎಂಬ ಕೊರಗು.

ಏಪ್ರಿಲ್ ೨೬, ಶುಕ್ರವಾರ, ಲೋಕಸಭೆಯ ಚುನಾವಣೆ. ಮತಗಟ್ಟೆಗೆ ಪುಟ್ಟಿಯನ್ನು ಎತ್ತಿಕೊಂಡೇ ಹೋದೆ. ನನ್ನ ತೋರುಬೆರಳಿಗೆ ಶಾಯಿ ಹಚ್ಚಿದುದನ್ನು ನೋಡಿ ತನ್ನ ಬೆರಳನ್ನೂ ಚಾಚಿದಳು. ಅಲ್ಲಿದ್ದವರೆಲ್ಲ ನಕ್ಕರು, ಆದರೆ ಹದಿನೆಂಟು ತುಂಬದವರಿಗೆ ಶಾಯಿ ಇಲ್ಲವಷ್ಟೆ. ಮನೆಗೆ ಬರುವ ತನಕ ಅಳು. ಅವಳ ತಾಯಿ ಕಪ್ಪು ಸ್ಕೆಚ್ ಪೆನ್ನಿನಿಂದ ಬೆರಳಿನ ಮೇಲೆ ಒಂದು ಗೀಟು ಎಳೆದ ಮೇಲೆ ಶಾಂತಿಯಾಯಿತು. ಈ ಚುನಾವಣೆಯ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲಿ, ೧೯೩೭ರಲ್ಲಿ ಆರಂಭವಾದ ಬಣ್ಣದ ಕಾರ್ಖಾನೆಯಲ್ಲಿ; ೧೯೬೨ರ ಚುನಾವಣೆಯಿಂದ ಈಚೆಗೆ ದೇಶಕ್ಕೆಲ್ಲ ಅಲ್ಲಿಂದಲೇ ಹೋಗುತ್ತದೆ. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಇನ್ನು ನನ್ನ ಅವಿವೇಕದ ಭಾಗ. ಏಪ್ರಿಲ್ ೨೮, ಭಾನುವಾರ. ಪಟ್ಟಿಯ ಪ್ರಕಾರ ಬನ್ನೇರುಘಟ್ಟ. “ಈ ಬಿಸಿಲಲ್ಲಿ ಬೇಡ ಅನ್ಸತ್ತೆ, ಕೇಳಿ ನನ್ನ ಮಾತು” ಎಂದಳು ನಮ್ಮಾಕೆ. “ಎರಡು ತಿಂಗಳಿರೋದು. ಇದೊಂದು ಭಾನುವಾರ ಬಿಟ್ರೆ ಆಗಲ್ಲ” ಎಂದೆ. ಹೊರಡುವುದು ತಡವಾಗಿ ತಲುಪುವ ಹೊತ್ತಿಗೆ ಹನ್ನೊಂದು ದಾಟಿತ್ತು. ಅಂದು ಬೆಂಗಳೂರಿನ ಉಷ್ಣತೆ ೩೮.೫ ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದು ಮರುದಿನ ಪತ್ರಿಕೆಯಲ್ಲಿ ಓದಿದೆ. ೨೦೧೬ರ ಏಪ್ರಿಲಿನಲ್ಲಿ ಅದು ೩೯.೨ ಮುಟ್ಟಿತ್ತಂತೆ. ಹುಲಿ ನೆರಳಿನಲ್ಲಿ ಮಲಗಿತ್ತು. ಸಿಂಹ ನೆರಳಿನಲ್ಲಿ ಮಲಗಿತ್ತು. ಆನೆ ಮೈಮೇಲೆ ಮಣ್ಣು ಹಾಕಿಕೊಂಡು ನೆರಳು ಹುಡುಕುತ್ತಿತ್ತು. ಬಿಸಿಲಿನಲ್ಲಿ ನಿಂತಿದ್ದ ಪ್ರಾಣಿಗಳೆಂದರೆ ನಾವು. ಪುಟ್ಟಿ ಕೊಟ್ಟ ನೀರನ್ನೆಲ್ಲ ಕೈಯಿಂದ ತಳ್ಳಿದಳು. ಮೊದಲು ಅತ್ತಳು, ಆಮೇಲೆ ಅಳುವುದನ್ನು ಬಿಟ್ಟಳು. ಮಗು ಸುಮ್ಮನಾಯಿತೆಂದು ನಾನು ಸಂತೋಷಪಟ್ಟೆ. ಅದು ಸಂತೋಷಪಡುವ ಮೌನವಾಗಿರಲಿಲ್ಲ. ಸಂಜೆ ಮೈ ಕಾದಿತು, ಎರಡು ಸಲ ವಾಂತಿಯಾಯಿತು. ತುಟಿ ಒಣಗಿತ್ತು. ಮಧ್ಯಾಹ್ನದಿಂದ ಲಂಗೋಟಿ ಒದ್ದೆಯಾಗಿಲ್ಲವೆಂಬುದು ನಮ್ಮಾಕೆಗೆ ಆಗ ಹೊಳೆಯಿತು.

ನಮ್ಮ ಬಡಾವಣೆಯ ಮಕ್ಕಳ ವೈದ್ಯರು ಮಗುವಿನ ಬಾಯಿ, ಕಣ್ಣು, ಹೊಟ್ಟೆಯ ಚರ್ಮ ನೋಡಿದರು. ನನ್ನನ್ನು ಗದರಿಸಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದರು: “ಸರ್, ಮಗೂಗೆ ಊರು ತೋರಿಸ್ತಿದ್ದೀರೋ, ಊರಿಗೆ ಮಗೂನ ತೋರಿಸ್ತಿದ್ದೀರೋ?” ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಅವರು ಹೇಳಿದುದನ್ನು ಎಳೆಯ ಮಕ್ಕಳಿರುವ ಮನೆಯವರಿಗಾಗಿ ಇಲ್ಲಿ ಹೇಳುತ್ತೇನೆ. ಚಿಕ್ಕ ಮಕ್ಕಳ ಮೈಯಿಂದ ನೀರು ದೊಡ್ಡವರಿಗಿಂತ ಬೇಗ ಹೋಗುತ್ತದೆ. ಬಾಯಾರಿಕೆಯೆಂದು ಹೇಳಲು ಅವಕ್ಕೆ ಬಾರದು. ಬಾಯಿ ಒಣಗುವುದು, ಅತ್ತರೂ ಕಣ್ಣೀರು ಬಾರದಿರುವುದು, ಮೂತ್ರ ಕಡಿಮೆಯಾಗುವುದು, ಮಂಕಾಗಿ ಮಲಗುವುದು, ಇವು ಗುರುತುಗಳು. ಕಂಡರೆ ವೈದ್ಯರಲ್ಲಿಗೆ ಹೋಗಲು ತಡಮಾಡಬಾರದು. ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ಶುದ್ಧವಾದ ನೀರಿನಲ್ಲಿ, ದೊಡ್ಡ ಪೊಟ್ಟಣವಾದರೆ ಪೂರ್ತಿ ಒಂದು ಲೀಟರಿನಲ್ಲಿ, ಕರಗಿಸಬೇಕು, ಅಂದಾಜು ಕೂಡದು. ವಾಂತಿಯಾದರೆ ಹತ್ತು ನಿಮಿಷ ತಡೆದು, ಮತ್ತೆ ಎರಡು ಮೂರು ನಿಮಿಷಕ್ಕೊಂದು ಚಮಚ. ಒಮ್ಮೆಗೇ ಲೋಟ ಹಿಡಿಸಬಾರದು. ೧೯೭೧ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ದಿಲೀಪ್ ಮಹಾಲನಬಿಸ್ ಎಂಬ ವೈದ್ಯರು ಸಕ್ಕರೆ ಉಪ್ಪುಗಳ ಇಂಥದೇ ನೀರಿನಿಂದ ಸಾವಿರಾರು ಜನರನ್ನು ಉಳಿಸಿದರಂತೆ. ಆ ರಾತ್ರಿ ನಾನು ಗಡಿಯಾರ ನೋಡಿಕೊಂಡು ಚಮಚ ಹಿಡಿದು ಕುಳಿತೆ. ನಡುರಾತ್ರಿ ದಾಟಿದ ಮೇಲೆ ಪುಟ್ಟಿ ಕಣ್ಣು ತೆರೆದು, ಚಮಚವನ್ನು ನೋಡಿ, “ನೀಯು” ಎಂದಳು. ಲಂಗೋಟಿ ಒದ್ದೆಯಾಯಿತೆಂದು ಮನೆಮಂದಿಯೆಲ್ಲ ಹಿಗ್ಗಿದ ರಾತ್ರಿಯದು.

ಬೆಳಗಾದ ಮೇಲೆ ನೋಟುಪುಸ್ತಕ ತೆಗೆದು ಕಾರ್ಯಕ್ರಮ ಪಟ್ಟಿಯ ಮೇಲೆ ಉದ್ದಕ್ಕೂ ಒಂದು ಗೀಟು ಎಳೆದೆ. ಮೈಸೂರು ಒಂದನ್ನು ಉಳಿಸಿಕೊಂಡೆ. ಅದನ್ನು ಹೊಡೆಯಲು ನನಗೆ ಹಕ್ಕಿರಲಿಲ್ಲ, ಕಾರಣ ಮುಂದೆ ಹೇಳುತ್ತೇನೆ.

ಮುಂದಿನ ಎರಡು ವಾರ ನಾವು ಎಲ್ಲಿಗೂ ಹೋಗಲಿಲ್ಲ. ಎಲ್ಲಿಗೂ ಎಂದರೆ ಬೆಳಗ್ಗೆ ಬೀದಿಯ ತುದಿಯ ಉದ್ಯಾನಕ್ಕೆ, ಸಂಜೆ ಹೂವಾಡಗಿತ್ತಿಯ ಗಾಡಿಯ ತನಕ, ಅಷ್ಟೆ. ಗುಲ್‌ಮೊಹರಿನ ಕೆಂಪು ಎಸಳುಗಳು ರಸ್ತೆಯ ಮೇಲೆ ಬಿದ್ದಿರುತ್ತಿದ್ದವು. ಅವನ್ನು ಒಂದೊಂದಾಗಿ ಆಯ್ದು ನನ್ನ ಜೇಬಿಗೆ ತುಂಬುವುದು ಒಂದು ಗಂಟೆಯ ಕೆಲಸ. ಏಪ್ರಿಲ್ ಇಡೀ ಒಂದು ಹನಿ ಬೀಳದಿದ್ದ ನಮ್ಮ ಕಡೆಗೆ ಮೇ ತಿಂಗಳ ಮೊದಲನೆಯ ವಾರದಲ್ಲಿ ಮಳೆ ಬಂದಿತು. ಗುಡುಗಿಗೆ ಹೆದರಿ ಪುಟ್ಟಿ ಓಡಿಬಂದು ನಮ್ಮಾಕೆಯ ಸೆರಗಿನೊಳಗೆ ಹೊಕ್ಕು “ಜ್ಜೀ” ಎಂದಳು. ತಾಯಿ ಪಕ್ಕದ ಕೋಣೆಯಲ್ಲಿಯೇ ಇದ್ದಳು. ಆದರೂ ಓಡಿ ಬಂದುದು ಇಲ್ಲಿಗೆ. ನಮ್ಮಾಕೆ ಅದನ್ನು ಯಾವ ನೋಟುಪುಸ್ತಕದಲ್ಲಿಯೂ ಬರೆಯಲಿಲ್ಲ. ಯಾವ ದಿನ, ಎಷ್ಟು ಹೊತ್ತು, ಒಲೆಯ ಮೇಲೆ ಏನಿತ್ತು ಎಂದು ಕೇಳಿದರೆ ಈಗಲೂ ಹೇಳುತ್ತಾಳೆ.

ಇನ್ನು ಮೈಸೂರು. ಅಲ್ಲಿ ನನ್ನ ತಮ್ಮನ ಮನೆಯಲ್ಲಿ, ಸರಸ್ವತಿಪುರದಲ್ಲಿ, ನನ್ನ ತಾಯಿ ಇದ್ದಳು. ಆಗ ಅವಳಿಗೆ ತೊಂಬತ್ತೊಂದು. ಎರಡು ವರ್ಷದಿಂದ ಕಣ್ಣು ಮಂಜಾಗುತ್ತ ಬಂದು, ಬೆಳಕು ಕತ್ತಲೆ ಬಿಟ್ಟು ಹೆಚ್ಚೇನೂ ತಿಳಿಯುತ್ತಿರಲಿಲ್ಲ. ಮಗು ಹುಟ್ಟಿದಾಗ ಪುಣೆಗೆ ಹೋಗಲು ಅವಳಿಂದ ಆಗಿರಲಿಲ್ಲ. ಫೋನಿನಲ್ಲಿ ಮಗುವನ್ನು ತೋರಿಸಿದರೆ, “ನಂಗೆ ಕಾಣಲ್ಲ ಕಣಪ್ಪ, ಅದರ ಪಾದ ಒಂದ್ಸಲ ಮುಟ್ಟಬೇಕು” ಎನ್ನುತ್ತಿದ್ದಳು. ಇದನ್ನು ಹೇಗೆ ಹೊಡೆದುಹಾಕಲಿ?

ಈ ಸಲ ನಮ್ಮಾಕೆಯ ಮಾತಿನಂತೆ ನಡೆದೆ. ಮೇ ೧೮ರ ಶನಿವಾರ, ನಸುಕಿನಲ್ಲಿಯೇ ಮೆಟ್ರೋದಲ್ಲಿ ಮೆಜೆಸ್ಟಿಕ್ಕಿಗೆ, ಅಲ್ಲಿಂದ ಬೆಳಗಿನ ರೈಲು. ಐದು ವರ್ಷದೊಳಗಿನವರಿಗೆ ರೈಲಿನಲ್ಲಿ ಟಿಕೆಟ್ಟಿಲ್ಲ, ಆಸನವೂ ಇಲ್ಲ. ಆದರೆ ಪುಟ್ಟಿಯ ಲೆಕ್ಕದಲ್ಲಿ ಡಬ್ಬಿಯಿಡೀ ಅವಳದೇ. ಹೊಟ್ಟೆಗೆ ಮೊಸರನ್ನ, ಕೈಗೆ ನೀರಿನ ಲೋಟ, ತಲೆಗೆ ಟೊಪ್ಪಿಗೆ. ರಾಮನಗರದ ಬಂಡೆಗಳು, ಚನ್ನಪಟ್ಟಣ, ಮದ್ದೂರಿನಲ್ಲಿ ವಡೆಯ ಕೂಗು. ವಡೆಯ ಗರಿಯಂಚನ್ನು ಚೀಪುತ್ತ ಮಂಡ್ಯ ದಾಟಿದಳು. ಶ್ರೀರಂಗಪಟ್ಟಣದಲ್ಲಿ ಸೇತುವೆಯ ಮೇಲೆ ರೈಲು ನಿಧಾನವಾದಾಗ ಕೆಳಗೆ ಕಾವೇರಿ ಕಾಣಿಸಿತು. ಬರದ ವರ್ಷ, ಬಂಡೆಗಳ ನಡುವೆ ಅಲ್ಲಲ್ಲಿ ನೀರು. ನಮ್ಮ ಮನೆಯ ನಲ್ಲಿಗೆ ನೂರು ಕಿಲೋಮೀಟರು ದೂರದಿಂದ ಹತ್ತಿ ಬರುವುದು ಇದೇ ಹೊಳೆಯ ನೀರು. ೧೯೭೪ರಲ್ಲಿ ಅದು ಮೊದಲ ಸಲ ಬೆಂಗಳೂರಿಗೆ ಬಂದಾಗ ನಾನು ಮೈಸೂರಿನಲ್ಲಿ ಓದುತ್ತಿದ್ದ ಹುಡುಗ. “ನಮ್ಮ ಹೊಳೆ ಅಲ್ಲಿಗೂ ಹೋಗತ್ತಂತೆ” ಎಂದು ನನ್ನ ತಾಯಿ ಆಶ್ಚರ್ಯಪಟ್ಟುದು ನೆನಪಿದೆ. ಪುಟ್ಟಿ ಕಿಟಕಿಯ ಸರಳು ಹಿಡಿದು ಕೆಳಗೆ ನೋಡಿ, ಬಹಳ ಗಂಭೀರವಾಗಿ “ನೀಯು” ಎಂದಳು.

ಮನೆಯಲ್ಲಿ ತಮ್ಮನಿಗೆ ಮೊದಲೇ ಹೇಳಿಟ್ಟಿದ್ದೆ: ಮಗುವನ್ನು ಯಾರೂ ಎತ್ತಿಕೊಳ್ಳಬೇಡಿ, ಕರೆಯಬೇಡಿ, ಅದೇ ಬರಲಿ. ನನ್ನ ತಾಯಿ ನಡುಮನೆಯಲ್ಲಿ ಚಾಪೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ಪುಟ್ಟಿ ಬಾಗಿಲ ಸಂದಿಯಿಂದ ನೋಡಿದಳು. ಅಡಿಗೆಮನೆಗೆ ಹೋದಳು, ಹಿತ್ತಲಿಗೆ ಹೋದಳು, ಬಂದಳು. ನನ್ನ ತಾಯಿ ಮಾತನಾಡಲಿಲ್ಲ. ಅವಳ ಮಗ್ಗುಲಲ್ಲಿ ಒಂದು ಮರದ ಗಾಡಿ ಇತ್ತು. ನನ್ನ ಮಗಳು ಮಗುವಾಗಿದ್ದಾಗ ಚನ್ನಪಟ್ಟಣದಲ್ಲಿ ಕೊಂಡುದು, ಅರಗಿನ ಬಣ್ಣ ಇನ್ನೂ ಹೋಗಿರಲಿಲ್ಲ. ಅದನ್ನು ಅವಳು ಬೆರಳಿನಿಂದ ಹಿಂದಕ್ಕೂ ಮುಂದಕ್ಕೂ ಉರುಳಿಸುತ್ತಿದ್ದಳು, ಅಷ್ಟೆ. ಅರ್ಧ ಗಂಟೆ ಹೋಯಿತು. ಪುಟ್ಟಿ ಬಂದು ಚಾಪೆಯ ತುದಿಯಲ್ಲಿ ಕುಳಿತಳು. ಗಾಡಿ ಅವಳ ಕಾಲಿಗೆ ತಗಲಿತು. ನನ್ನ ತಾಯಿಯ ಕೈ ಗಾಡಿಯ ಜತೆಗೇ ಹೋಗಿ ಆ ಪಾದದ ಮೇಲೆ ನಿಂತಿತು. ಹೆಬ್ಬೆರಳಿನಿಂದ ಕಿರುಬೆರಳಿನ ತನಕ ಒಂದೊಂದನ್ನೂ ಮುಟ್ಟಿ ನೋಡಿದಳು. “ಇದು ನಮ್ಮತ್ತೆ ಪಾದ ಕಣೋ. ಎರಡನೇ ಬೆರಳು ಉದ್ದ” ಎಂದಳು. ನನ್ನ ಅಜ್ಜಿಯ ಪಾದವನ್ನು ಕಂಡವರು ಆ ಮನೆಯಲ್ಲಿ ಮತ್ತಾರೂ ಉಳಿದಿರಲಿಲ್ಲ. ನನಗೆ ಅಜ್ಜಿಯ ಮುಖವೇ ಮಸುಕು, ಪಾದವೆಲ್ಲಿಂದ ಬರಬೇಕು?

ಪುಟ್ಟಿಯ ಕಣ್ಣು ಬಿದ್ದುದು ಆ ಕೈಯ ಬೆರಳಿನ ಮೇಲೆ. ಉಗುರಿನ ನಡುವೆ ಕಪ್ಪು ಗುರುತು. ಎಂಬತ್ತೈದು ದಾಟಿದವರು ಆ ಸಲ ಮನೆಯಲ್ಲಿಯೇ ಮತ ಹಾಕಬಹುದಿತ್ತು. ನನ್ನ ತಾಯಿ ಒಪ್ಪದೆ, ಕುರ್ಚಿಯಲ್ಲಿ ಕುಳಿತು ಮತಗಟ್ಟೆಗೇ ಹೋಗಿ ಬಂದಿದ್ದಳಂತೆ. ಪುಟ್ಟಿ ಆ ಬೆರಳನ್ನು ಹಿಡಿದು, ನನ್ನನ್ನು ಕರೆದು, ನನ್ನ ಉಗುರನ್ನು ತೋರಿಸಿ, ತನ್ನ ಬರಿಯ ಬೆರಳನ್ನು ಚಾಚಿದಳು. ಅವಳ ಸ್ಕೆಚ್ ಪೆನ್ನಿನ ಗೀಟು ಮೊದಲ ಸ್ನಾನಕ್ಕೇ ಹೋಗಿತ್ತು. ಏನೆಂದು ತಿಳಿದ ಮೇಲೆ ನನ್ನ ತಾಯಿ ನಕ್ಕಳು ನೋಡಿ, ಅಷ್ಟು ನಕ್ಕುದನ್ನು ನಾನು ಕಂಡು ವರ್ಷಗಳಾಗಿದ್ದವು. ದೇವರ ಮನೆಯಿಂದ ಕಾಡಿಗೆ ತರಿಸಿ ತಾನೇ ತಡವರಿಸಿ ಮಗುವಿನ ಉಗುರಿಗೆ ಹಚ್ಚಿದಳು. “ತಗೋ, ನಿಂದೂ ಓಟು ಆಯ್ತು.”

ನಾಲ್ಕು ದಿನ ಅಲ್ಲಿದ್ದೆವು. ಮೃಗಾಲಯಕ್ಕೆ ಹೋಗಲಿಲ್ಲ, ೧೮೯೨ರಿಂದ ಇರುವ ಮೃಗಾಲಯ ಇನ್ನೆರಡು ವರ್ಷ ಕಾಯುತ್ತದೆ ಎಂದುಕೊಂಡೆ. ಬೆಳಗ್ಗೆ ಎಣ್ಣೆ ಹಚ್ಚಿ ನೀರು ಹಾಕುವುದು. ನನ್ನ ತಾಯಿಗೆ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎರೆಯಬೇಕೆಂಬ ಆಸೆ; ನಮಗೆಲ್ಲ ಭಯ. ಕೊನೆಗೆ ನನ್ನ ಮಗಳು ಮಗುವನ್ನು ಹಿಡಿದು ಕುಳಿತಳು, ನಮ್ಮಾಕೆ ನೀರು ಹೊಯ್ದಳು, ನನ್ನ ತಾಯಿ ಕಡಲೆಹಿಟ್ಟು ಉಜ್ಜಿದಳು. ನಾಲ್ಕು ತಲೆಮಾರು ಒಂದು ಬಚ್ಚಲುಮನೆಯಲ್ಲಿ. ನಾನು ಹೊರಗೆ ಟವಲು ಹಿಡಿದು ನಿಂತಿದ್ದೆ. ಮಧ್ಯಾಹ್ನ ಮಾವಿನ ಹಣ್ಣು. ಪುಟ್ಟಿ ಚೀಪಿದ ಹೋಳನ್ನೇ ಮುತ್ತಜ್ಜಿಯ ಬಾಯಿಗೆ ತುರುಕಿದಳು. ಜೀವಮಾನವೆಲ್ಲ ಎಂಜಲು ಮಡಿ ಎಂದು ನಮ್ಮನ್ನು ಓಡಿಸಿದವಳು ತುಟಿ ಪಿಟ್ಟೆನ್ನದೆ ತಿಂದಳು. ಮಾತಿನ ಪಟ್ಟಿಗೆ ಆ ನಾಲ್ಕು ದಿನಗಳಲ್ಲಿ ಸೇರಿದುವು ಮಾವು, ಎಣ್ಣೆ, ಗುಬ್ಬಿ, ಬಾ, ತಗೋ, ಸಾಕು. ‘ತಗೋ’ ಎಂಬುದಂತೂ ನನ್ನ ತಾಯಿಯ ಧಾಟಿಯಲ್ಲಿಯೇ, ಕೊನೆಯನ್ನು ಎಳೆದು.

ಜೂನ್ ೨ರಂದು ಮಗಳು ಪುಣೆಗೆ ಹೊರಟಳು. ಅಂದಿಗೆ ಪಟ್ಟಿಯಲ್ಲಿ ಎಂಬತ್ತಾರು ಮಾತುಗಳಿದ್ದವು. ತಾತ ಎಂಬುದು ಅರವತ್ತನಾಲ್ಕನೆಯದು. ನನಗಿಂತ ಮೊದಲು ಕಾಗೆ, ಚಪ್ಪಲಿ, ಪೊರಕೆ ಎಲ್ಲವೂ ಆಗಿಹೋಗಿದ್ದವು.

ಆ ವರ್ಷ ಅಕ್ಟೋಬರಿನಲ್ಲಿ, ದೀಪಾವಳಿಗೆ ಹದಿನೈದು ದಿನ ಮುಂಚೆ, ನನ್ನ ತಾಯಿ ನಿದ್ದೆಯಲ್ಲಿಯೇ ತೀರಿಕೊಂಡಳು. ಕಾವೇರಿಯ ಐದನೆಯ ಹಂತದ ನೀರು ಬೆಂಗಳೂರಿಗೆ ಬಂದುದು ಅದೇ ವಾರ. ನೀರಿಗೇನು ಮಾಡ್ತೀರಿ ಎಂದು ಬೇಸಗೆಯುದ್ದಕ್ಕೂ ಫೋನಿನಲ್ಲಿ ಕೇಳುತ್ತಿದ್ದವಳು ಅವಳು. ಹೇಳಬೇಕಾಗಿತ್ತು ಎಂದುಕೊಂಡೆ.

ಈಗ ಪುಟ್ಟಿಗೆ ಮೂರೂವರೆ ವರ್ಷ. ಮನುಷ್ಯನಿಗೆ ದೊಡ್ಡವನಾದ ಮೇಲೆ ಉಳಿಯುವ ನೆನಪುಗಳಲ್ಲಿ ಅತ್ಯಂತ ಹಳೆಯದು ಸಾಧಾರಣವಾಗಿ ಮೂರು, ಮೂರೂವರೆ ವರ್ಷದ್ದು, ಅದಕ್ಕಿಂತ ಹಿಂದಿನದು ಬಹುಮಟ್ಟಿಗೆ ಅಳಿಸಿಹೋಗುತ್ತದೆ ಎಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಇದನ್ನು ಓದಿದ್ದರೂ ನನಗೆ ಒಳಗೊಳಗೇ ಒಂದು ಆಸೆ. ಮೊನ್ನೆ ಅವಳು ಬಂದಾಗ ಆ ಮರದ ಗಾಡಿಯನ್ನು ಮುಂದಿಟ್ಟು, “ಇದು ಯಾರದು ಗೊತ್ತಾ?” ಎಂದೆ. “ಯಾರದು?” ಎಂದಳು. “ಮೈಸೂರಲ್ಲಿ ಮುತ್ತಜ್ಜಿ ನೆನಪಿದೆಯಾ?” “ಇಲ್ಲ” ಎಂದಳು, ಸುಳ್ಳು ಹೇಳಲು ಬಾರದ ವಯಸ್ಸು. ಇರುವೆಯ ಬಂಡೆ, ಟ್ಯಾಂಕರು, ಕಾವೇರಿ, ಕಾಡಿಗೆಯ ಓಟು, ಯಾವುದೂ ಇಲ್ಲ. ಎರಡು ತಿಂಗಳ ಬೇಸಗೆಯಲ್ಲಿ ಅವಳ ಬಳಿ ಏನೂ ಉಳಿದಿಲ್ಲ. ಸ್ವಲ್ಪ ಹೊತ್ತು ನನಗೆ ಮಾತು ಹೊರಡಲಿಲ್ಲ.

ಆಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಥೆ ಹೇಳಿದೆ. ಒಂದೂರಲ್ಲಿ ಒಬ್ಬಳು ಮುತ್ತಜ್ಜಿ ಇದ್ದಳು, ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ, ಅವಳ ಬಳಿ ಒಂದು ಗಾಡಿ ಇತ್ತು ಎಂದು ಆರಂಭಿಸಿದೆ. “ಆಮೇಲೆ ನಾನು ಏನು ಮಾಡಿದೆ?” ಎಂದು ಕೇಳಿದಳು. ಪಾದದ ಮಾತು ಬಂದಾಗ ತನ್ನ ಪಾದವನ್ನು ಎತ್ತಿ ನೋಡಿಕೊಂಡಳು. ಎರಡನೆಯ ಬೆರಳು ನಿಜವಾಗಿಯೂ ಉದ್ದ. ಅಂದಿನಿಂದ ಪ್ರತಿ ರಾತ್ರಿ ಅದೇ ಕಥೆಯಾಗಬೇಕು. ನಿನ್ನೆ ನಿದ್ದೆಗಣ್ಣಿನಲ್ಲಿ ಮಾವಿನ ಹೋಳಿನ ಪ್ರಸಂಗವನ್ನು ಬಿಟ್ಟುಬಿಟ್ಟೆ. ಪುಟ್ಟಿ ಎದ್ದು ಕುಳಿತು, “ಅಲ್ಲ ತಾತ, ನಾನು ಮುತ್ತಜ್ಜಿಗೆ ಮಾವಿನಹಣ್ಣು ಕೊಟ್ಟೆ, ಅದು ಹೇಳು” ಎಂದಳು.

ಅದಕ್ಕಾಗಿಯೇ ಇದಿಷ್ಟನ್ನು ತಮ್ಮ ಮುಂದೆ ಹೇಳಿದುದು. ನಡೆಯಲು ಕಲಿಯುತ್ತಿರುವ ಮಗು ಈ ಬೇಸಗೆಯಲ್ಲಿ ತಮ್ಮ ಮನೆಗೂ ಬಂದಿದ್ದರೆ ಬಿಸಿಲು ಏರುವ ಮುಂಚೆ ಮನೆ ಸೇರಿಸಿ, ಕೇಳದಿದ್ದರೂ ನೀರು ಕೊಡಿ, ದಿನಕ್ಕೊಂದೇ ಊರು ತೋರಿಸಿ. ಅದು ಇರುವೆ ನೋಡುತ್ತ ಕುಳಿತರೆ ಪಕ್ಕದಲ್ಲಿ ಕುಳಿತುಕೊಳ್ಳಿ. ಮತ್ತು ಸಂಜೆ ಎರಡು ಸಾಲು ಬರೆದಿಡಿ. ಅವರು ಅಂದು ಏನು ಮಾಡಿದರೆಂದು ಮುಂದೆ ಅವರೇ ಬಂದು ಕೇಳುತ್ತಾರೆ, ಆಗ ಹೇಳಲು ಮನೆಯಲ್ಲಿ ಒಬ್ಬರಾದರೂ ಬೇಕು. ನನ್ನ ನೋಟುಪುಸ್ತಕದಲ್ಲಿ ಈ ಬೇಸಗೆಯ ಕಾರ್ಯಕ್ರಮ ಪಟ್ಟಿಯೂ ಸಿದ್ಧವಾಗಿದೆ. ಒಂದೇ ಸಾಲು ಇದೆ: ಬೆಳಗಿನ ರೈಲಿನಲ್ಲಿ ಮೈಸೂರು, ಸೇತುವೆಯ ಮೇಲೆ ಕಿಟಕಿಯ ಪಕ್ಕ.